ಮುಳ್ಳಕೊಪ್ಪದ ಪೆಟ್ಟಿಗೆ

ಮುಳ್ಳಕೊಪ್ಪ
೧೯ ನವೆಂಬರ್ ೧೯೬೧

ಚಿ. ಸಾವಕ್ಕ,

ಕ್ಷೇಮದ ಮಾತು ಕೊನೆಗೆ ಇರಲಿ. ಮೊದಲು ಎಲ್ಲಾದರೂ ಕೂತುಕೋ. ಸಿಟ್ಟು ಬಂದರೆ ನೀನು ನಿಂತಲ್ಲಿ ನಿಲ್ಲುವವಳಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ನಾನು ನೌಕರಿಗೆ ರಾಜೀನಾಮೆ ಕೊಟ್ಟಿದ್ದೇನೆ. ಬರುವ ಫೆಬ್ರವರಿಯಲ್ಲಿ ವಿಧಾನಸಭೆಯ ಚುನಾವಣೆಗೆ ನಿಲ್ಲುತ್ತೇನೆ. ಯಾವ ಪಕ್ಷವೂ ಅಲ್ಲ, ಸ್ವತಂತ್ರ. ಎದುರಿಗೆ ನಿಂತವರು ನಮ್ಮೂರ ಗುಡ್ಡಪ್ಪಗೌಡರೇ. ಇಪ್ಪತ್ಮೂರು ವರ್ಷ ಬೆತ್ತ ಹಿಡಿದ ಮಾಸ್ತರನಿಗೆ ಈ ವಯಸ್ಸಿನಲ್ಲಿ ಇದೇನು ಹುಚ್ಚು ಎಂದು ಕೇಳುತ್ತೀ. ಕೇಳು, ಹೇಳುತ್ತೇನೆ.

ಗೌಡರ ತಂದೆ ನಮ್ಮ ಕೇರಿಯವರ ಹೆಬ್ಬೆಟ್ಟಿಗೆ ಮಸಿ ಹಚ್ಚಿ ಹನ್ನೆರಡು ಮನೆಯ ಹೊಲ ಬರೆಸಿಕೊಂಡದ್ದು ನಿನಗೆ ಗೊತ್ತೇ ಇದೆ. ಕಾಗದದಲ್ಲಿ ಏನಿದೆ ಎಂದು ಕೇಳುವ ಅಕ್ಷರ ಯಾರಿಗೂ ಇರಲಿಲ್ಲ. ಅದಕ್ಕೇ ನಾನು ಸಂಜೆಯ ಶಾಲೆ ತೆಗೆದೆ. ಅಲ್ಲಿ ಹಾಕಿದ ಮೊದಲ ಪಾಠ ಒಂದೇ: ಮಸಿ ಮುಟ್ಟಬೇಡಿ, ಸಹಿ ಮಾಡಿ. ಹದಿನಾಲ್ಕು ವರ್ಷದಲ್ಲಿ ಇನ್ನೂರರ ಹತ್ತಿರ ಜನ ಕಲಿತರು. ಒಬ್ಬೊಬ್ಬರು ಸಹಿ ಕಲಿತ ದಿನ ಅವರಿಗೊಂದು ಪೆನ್ಸಿಲ್ ಕೊಡುತ್ತಿದ್ದೆ. ಗಂಡಸರೂ ಹೆಂಗಸರೂ ಅದನ್ನು ಎಲೆಅಡಿಕೆಯ ಚಂಚಿಯಲ್ಲಿ ಇಟ್ಟುಕೊಂಡು ತಿರುಗುತ್ತಾರೆ.

ಹೋದ ತಿಂಗಳು ಗೌಡರು ಜಿಲ್ಲಾ ಸ್ಕೂಲ್ ಬೋರ್ಡಿಗೆ ಬರೆದು, ಐದು ಗಂಟೆಯ ನಂತರ ಶಾಲೆಗೆ ಬೀಗ ಹಾಕಿಸಿದರು. ನಾನು ಮೇಲಿನವರಿಗೆ ಅರ್ಜಿ ಬರೆದೆ. ಆ ಅರ್ಜಿ ಧಾರವಾಡವನ್ನೆಲ್ಲ ಸುತ್ತಿ ಗೌಡರ ಕೈಗೇ ಬಂತು. ಅವರು ಅದನ್ನು ನನಗೆ ತಿರುಗಿ ಕೊಡುತ್ತ, "ಮಾಸ್ತರ, ಅಕ್ಷರ ಛಲೋ ಅದಾವ ನೋಡ್ರಿ" ಎಂದರು. ಅವತ್ತೇ ನಿರ್ಧಾರ ಮಾಡಿದೆ. ಅರ್ಜಿ ಹೋಗುವ ಜಾಗಕ್ಕೆ ಇನ್ನು ನಾನೇ ಹೋಗಬೇಕು.

ಒಂದು ತಪ್ಪಾಗಿದೆ. ನಿನ್ನ ಅವ್ವನಿಗೆ ಮೊದಲು ಹೇಳಲಿಲ್ಲ. ಹೇಳಿದರೆ ಬೇಡ ಅನ್ನುತ್ತಾಳೆ, ಬೇಡ ಅಂದರೆ ನನ್ನ ಕಾಲು ಏಳುವುದಿಲ್ಲ ಎಂದು ಸುಮ್ಮನಿದ್ದೆ. ರಾಜೀನಾಮೆಯ ಸುದ್ದಿಯನ್ನು ಅವಳು ಶಾಲೆಯ ಸಿಪಾಯಿಯ ಬಾಯಿಂದ ಕೇಳಿದಳು. ಅಂದಿನಿಂದ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಏನಿದ್ದರೂ ಗೋಡೆಗೆ ಹೇಳುತ್ತಾಳೆ. "ಯಾರರೆ ಉಣ್ಣಾವ್ರು ಇದ್ರ ಉಣ್ಣಲಿ, ರೊಟ್ಟಿ ಆರಾಕತ್ತಾವು" ಎಂದು ಗೋಡೆಗೆ ಹೇಳಿದರೆ ನಾನು ತಟ್ಟೆ ಹಾಕಿಕೊಳ್ಳಬೇಕು.

ನಾವು ಕ್ಷೇಮ. ಗೋಡೆಯೂ ಕ್ಷೇಮ.

ನಿನ್ನ ಅಪ್ಪ,
ನೀಲಪ್ಪ


ದೇಶಪಾಂಡೆ ನಗರ, ಹುಬ್ಬಳ್ಳಿ
೨೪ ನವೆಂಬರ್ ೧೯೬೧

ಅಪ್ಪಾ,

ಕೂತೇ ಓದಿದೆ. ಆಮೇಲೆ ಎದ್ದು ಕೋಣೆಯಲ್ಲಿ ಅಡ್ಡಾಡಿದೆ, ಮತ್ತೆ ಕೂತೆ. ಎರಡು ದಿನ ಬರೆಯಲಿಲ್ಲ, ಯಾಕೆಂದರೆ ಅಂದೇ ಬರೆದಿದ್ದರೆ ನೀವು ಓದಲಾರದಂಥದ್ದನ್ನು ಬರೆಯುತ್ತಿದ್ದೆ.

ಪೆನ್ಶನ್ನಿಗೆ ಏಳು ವರ್ಷ ಉಳಿದಿತ್ತು. ನನ್ನ ನೌಕರಿಗೆ ಇನ್ನೂ ಎರಡು ವರ್ಷ ತುಂಬಿಲ್ಲ. ಇಲ್ಲಿಯ ಹೆಡ್‌ಮಿಸ್ಟ್ರೆಸ್ ಆಗಲೇ ಕರೆದು ಹೇಳಿದರು: "ನಿಮ್ಮ ತಂದಿಯವರು ಇಲೆಕ್ಷನ್ನಿಗೆ ನಿಂತಾರಂತ. ನೀವು ಸರಕಾರಿ ನೌಕರರು. ಮುಗಿಯೂ ತನಕಾ ಆ ಕಡೆ ಭಾಳ ಓಡ್ಯಾಡಬ್ಯಾಡ್ರಿ." ಸುದ್ದಿ ನನಗಿಂತ ಮೊದಲು ಅವರಿಗೆ ಮುಟ್ಟಿತ್ತು. ಅವ್ವನಿಗೆ ಹೇಗೆ ಅನ್ನಿಸಿತೆಂದು ನನಗೆ ಆಗ ತಿಳಿಯಿತು.

ಗುಡ್ಡಪ್ಪಗೌಡರ ಹೊಲದಲ್ಲಿ ದುಡಿದು ಉಣ್ಣುವ ಕೇರಿ ನಮ್ಮದು. ನೀವು ಗೆದ್ದರೆ ಬೆಂಗಳೂರಿಗೆ ಹೋಗುತ್ತೀರಿ. ಸೋತರೆ ಆ ಜನ ಎಲ್ಲಿ ಹೋಗಬೇಕು? ಇದನ್ನು ಅವ್ವ ನಿಮಗೆ ಕೇಳುತ್ತಿದ್ದಳು, ಹೆದರಿ ನೀವು ಅವಳನ್ನು ಕೇಳಲೇ ಇಲ್ಲ. ಇನ್ನಾದರೂ ಕೇಳಿ. ಅವಳು ಬೇಡ ಅಂದರೆ ನಿಲ್ಲಬೇಡಿ. ಈ ವಿಷಯದಲ್ಲಿ ನಾನು ಅವಳ ಕಡೆಯವಳು. ಈ ಪತ್ರವನ್ನು ಅವ್ವನಿಗೆ ಒಂದಕ್ಷರ ಬಿಡದೆ ಓದಿ ಹೇಳಬೇಕು.

ನಿಮ್ಮ,
ಸಾವಕ್ಕ


ಮುಳ್ಳಕೊಪ್ಪ
೧೦ ಡಿಸೆಂಬರ್ ೧೯೬೧

ಚಿ. ಸಾವಕ್ಕ,

ನಿನ್ನ ಪತ್ರ ನಿನ್ನ ಅವ್ವನಿಗೆ ಓದಿ ಹೇಳಿದೆ. ಪತ್ರವನ್ನು ಕೈಯಿಂದ ತೆಗೆದುಕೊಂಡು, ಹಳೆಯ ಪತ್ರ ಪೋಣಿಸಿಡುವ ತಂತಿಗೆ ಚುಚ್ಚಿದಳು, ಅಷ್ಟೇ.

ಇಲ್ಲಿ ಒಂದು ನಿಮಿಷ ಕೂರಲು ಪುರುಸೊತ್ತಿಲ್ಲ. ಅಲ್ಲಾವುದ್ದೀನ ತನ್ನ ಟಾಂಗಾ ಬಿಟ್ಟುಕೊಟ್ಟಿದ್ದಾನೆ. ಎರಡನೇ ಇಯತ್ತೆಯಲ್ಲಿ ನಾನು ಅವನಿಗೆ ಹೊಡೆದಷ್ಟು ಇನ್ನಾರಿಗೂ ಹೊಡೆದಿಲ್ಲ. "ಮಾಸ್ತರ, ಆ ಹೊಡ್ತಾ ಮರ್ತೀನಿ ಅನಬ್ಯಾಡ್ರಿ. ಆರಿಸಿ ಬರ್ರಿ, ಆಮ್ಯಾಲ ಮಾತಾಡೂಣು" ಎನ್ನುತ್ತಾನೆ. ದಿನಕ್ಕೆ ಮೂರು ಹಳ್ಳಿ. ಗಂಟಲು ಹೋಗಿದೆ. ಕಟ್ಟೆಯ ಮೇಲೆ ನಿಂತು ಮಾತಾಡಿದರೆ ಕೆಲವರು ಕೇಳುತ್ತಾರೆ, ಕೆಲವರು ಎದ್ದು ಹೋಗುತ್ತಾರೆ, ಒಂದೆರಡು ಊರಲ್ಲಿ ಕಟ್ಟೆಯ ಕೆಳಗೇ ನಿಂತು ಮಾತಾಡಿ ಎಂದರು. ಕೆಳಗೇ ನಿಂತು ಮಾತಾಡಿದೆ. ನಮ್ಮ ದನಿ ಅಲ್ಲಿಂದಲೂ ಕೇಳಿಸುತ್ತದೆ.

ನಮ್ಮ ಕೇರಿಯ ಅಕ್ಕವ್ವನ ಮಾತು ಕೇಳು. ಅವಳು ಗರಗದ ಖಾದಿ ಕೇಂದ್ರದಲ್ಲಿ ನೂಲು ಒಪ್ಪಿಸಲು ಹೋದಾಗ ಅಲ್ಲಿಯ ಹೊಸ ಗುಮಾಸ್ತ ವಾಡಿಕೆಯಂತೆ ಮಸಿಯ ಡಬ್ಬಿ ಮುಂದೆ ಹಿಡಿದನಂತೆ. ಇವಳು ಅವನ ಕೈ ಸರಿಸಿ, ಚಂಚಿಯಿಂದ ಪೆನ್ಸಿಲ್ ತೆಗೆದು, "ನನ್ನ ಕೈ ಹೊಲಸ ಮಾಡಬ್ಯಾಡ್ರಿ. ಎಲ್ಲಿ ಬರೀಲಿ ತೋರಸ್ರಿ" ಎಂದು ಸಹಿ ಹಾಕಿ ಬಂದಳು. ಇದನ್ನು ಪ್ರತಿ ಊರಲ್ಲಿ ಹೇಳುತ್ತೇನೆ. ಜನ ಚಪ್ಪಾಳೆ ತಟ್ಟುತ್ತಾರೆ.

ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಅರವತ್ತು ಹಳ್ಳಿಯ ಓಟಿನ ಲೆಕ್ಕ ಹಾಕುವ ನನಗೆ ನಿದ್ದೆ ಕೆಡಿಸುವುದು ಒಂದೇ ಓಟು. ಅದು ಹೊರಗೆ ಬಿದ್ದರೆ ನಾನು ಗೆದ್ದೂ ಗೆದ್ದ ಹಾಗಲ್ಲ. ನಿನ್ನ ಅವ್ವ ಗೌಡರಿಗೆ ಹಾಕುತ್ತಾಳೆ ಅಂತಲ್ಲ. ಮನೆಯಲ್ಲೇ ಕೂತುಬಿಡುತ್ತಾಳೆ ಎಂಬ ಭಯ.

ನಿನ್ನ ಅಪ್ಪ


ಹುಬ್ಬಳ್ಳಿ
೧೮ ಜನವರಿ ೧೯೬೨

ಅಪ್ಪಾ,

ಹೆಡ್‌ಮಿಸ್ಟ್ರೆಸ್ ಬೇಡ ಎಂದರೂ ಸಂಕ್ರಾಂತಿಗೆ ಎರಡು ದಿನ ಬಂದಿದ್ದೆ. ನೀವು ಎರಡೂ ದಿನ ಟಾಂಗಾದ ಮೇಲೆ ಇದ್ದಿರಿ. ಮಗಳು ಮಾಡಿದ ಸಿಹಿ ಮಾದಲಿ ಹಾಗೇ ಉಳಿದು, ಮೂರನೇ ದಿನ ಅಲ್ಲಾವುದ್ದೀನನ ಕುದುರೆಯ ಪಾಲಾಯಿತೆಂದು ಕೇಳಿದೆ. ಕುದುರೆಗಾದರೂ ರುಚಿಸಿತಲ್ಲ.

ಅವ್ವ ನನ್ನೊಡನೆ ಚೆನ್ನಾಗಿಯೇ ಇದ್ದಳು. ನಿಮ್ಮ ಮಾತು ತೆಗೆದಾಗ ಮಾತ್ರ ಒಲೆಯ ಕಡೆ ತಿರುಗುತ್ತಿದ್ದಳು. ಹೊರಡುವ ದಿನ ಒಂದೇ ಸಲ ಬಾಯಿ ಬಿಟ್ಟಳು: "ಮೂವತ್ತು ವರ್ಷ ಬಾಳೇ ಮಾಡೇನಿ. ಸಂತಿಗೆ ಹೋಗೂದಿದ್ರೂ ನಿಮ್ಮಪ್ಪ ಹೇಳಿ ಹೋಗ್ತಿದ್ರು. ಈಗ ನೋಡು. ನಾ ಓದಿದಾಕಿ ಅಲ್ಲಲಾ, ನನಗ ಹೇಳಿದ್ರೇನು ಬಿಟ್ರೇನು." ಅಪ್ಪಾ, ಇನ್ನೂರು ಜನರಿಗೆ ಅಕ್ಷರ ಕಲಿಸಿದ ನೀವು ಅವಳಿಗೆ ಯಾಕೆ ಕಲಿಸಲಿಲ್ಲ? ಇದನ್ನು ಬಹಳ ವರ್ಷದಿಂದ ಕೇಳಬೇಕೆಂದಿದ್ದೆ.

ಮಧ್ಯಾಹ್ನ ಅಕ್ಕವ್ವ ಬಂದಳು. ಇಬ್ಬರೂ ಹಿತ್ತಲಲ್ಲಿ ಕೂತು ನೂಲುತ್ತಾರಂತೆ. ನಾನು ಹೋದರೆ ಮಾತು ನಿಲ್ಲಿಸಿದರು. ಮನೆಯಲ್ಲಿ ಎಲ್ಲರಿಗೂ ಒಂದೊಂದು ಗುಟ್ಟು, ನಾನೊಬ್ಬಳು ಹೊರಗಿನವಳು.

ಚುನಾವಣೆಯಿಂದ ಹಿಂದಕ್ಕೆ ಸರಿಯಲು ಇನ್ನೂ ನಾಲ್ಕೈದು ದಿನ ಇದೆ. ಬಸ್ಸು ರಾಯಾಪುರ ದಾಟುವವರೆಗೂ ಇಳಿದು ಹಿಂದೆ ಬಂದುಬಿಡಲೇ, ನಿಮ್ಮ ಟಾಂಗಾದ ಎದುರು ನಿಂತು ಕೇಳಲೇ ಎಂದು ಅನ್ನಿಸುತ್ತಿತ್ತು. ಇಳಿಯಲಿಲ್ಲ. ಸೋಮವಾರ ಶಾಲೆ ಇತ್ತು.

ಸಾವಕ್ಕ


ಮುಳ್ಳಕೊಪ್ಪ
೨೭ ಜನವರಿ ೧೯೬೨

ಚಿ. ಸಾವಕ್ಕ,

ಹಿಂದಕ್ಕೆ ಸರಿಯಲಿಲ್ಲ. ಚುನಾವಣೆಯ ಗುರುತು ಕೊಟ್ಟಿದ್ದಾರೆ: ಸೈಕಲ್. ಹುಟ್ಟಿದಾಗಿನಿಂದ ಸೈಕಲ್ ಹತ್ತದವನಿಗೆ ಸೈಕಲ್ ಬಂತು. ಒಂದು ಊರಲ್ಲಿ ಯಾರೋ, "ಮಾಸ್ತರ, ಒಂದ್ ಸುತ್ತ ಹೊಡೀರಿ ನೋಡೂಣು" ಎಂದರು. ಹತ್ತಿದೆ. ತಿಪ್ಪೆಯಲ್ಲಿ ಇಳಿದೆ. ಮೊಣಕಾಲು ಕೆತ್ತಿಹೋಗಿದೆ, ಆದರೆ ಆ ಊರಿನ ಓಟು ನನ್ನದೇ ಎಂದು ಅಲ್ಲಾವುದ್ದೀನ ಹೇಳುತ್ತಾನೆ. ಅಷ್ಟು ನಕ್ಕವರು ಬೇರೆಯವರಿಗೆ ಹಾಕಲಾರರಂತೆ.

ಮನೆಗೆ ಬಂದಾಗ ನಿನ್ನ ಅವ್ವ ಬಿಸಿನೀರು, ಅರಿಸಿನ ತಂದು ಮುಂದೆ ಇಟ್ಟು, ಗೋಡೆಗೆ, "ಹಚ್ಚಿಕೊಳ್ಳಾವ್ರು ಹಚ್ಚಿಕೊಳ್ಳಲಿ" ಎಂದಳು.

ಈ ಸಲ ಓಟು ಹಾಕುವ ಪದ್ಧತಿ ಬೇರೆ. ಹೋದ ಸಲ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ ಇತ್ತು, ಗುರುತು ನೋಡಿ ಚೀಟಿ ಒಳಗೆ ಬಿಟ್ಟರೆ ಮುಗಿಯಿತು. ಈ ಸಲ ಒಂದೇ ಕಾಗದ, ಅದರಲ್ಲೇ ಎಲ್ಲರ ಗುರುತು. ಬೇಕಾದವರ ಎದುರು ರಬ್ಬರಿನ ಶಿಕ್ಕಾ ಒತ್ತಿ, ಮಡಚಿ, ಒಂದೇ ಪೆಟ್ಟಿಗೆಗೆ ಹಾಕಬೇಕು. ನಾನು ಆಲೂಗಡ್ಡೆ ಕೊರೆದು ಶಿಕ್ಕಾ ಮಾಡಿಕೊಂಡಿದ್ದೇನೆ. ಊರೂರಲ್ಲಿ ಒತ್ತಿಸಿ ತೋರಿಸುತ್ತೇನೆ.

ನೀನು ಕೇಳಿದ್ದಕ್ಕೆ ಉತ್ತರ: ಮೊದಲ ವರ್ಷ ಅವಳನ್ನು ಶಾಲೆಗೆ ಕರೆದಿದ್ದೆ. ಎರಡು ದಿನ ಬಂದಳು. ಎಲ್ಲರೆದುರು ಅವಳಿಗೆ ರೇಗಿದೆ. ಮೂರನೇ ದಿನ ಬರಲಿಲ್ಲ. ಮತ್ತೆ ನಾನು ಕರೆಯಲಿಲ್ಲ. ಬಿಗುಮಾನ ನನ್ನದು.

ಅಪ್ಪ


ಹುಬ್ಬಳ್ಳಿ
೮ ಫೆಬ್ರವರಿ ೧೯೬೨

ಅಪ್ಪಾ,

ನನಗೂ ಇಲ್ಲಿಯ ಒಂದು ಮತಗಟ್ಟೆಯಲ್ಲಿ ಕೆಲಸ ಹಾಕಿದ್ದಾರೆ. ಮೊನ್ನೆ ತರಬೇತಿ ಆಯಿತು. ಅಲ್ಲಿ ಹೇಳಿದ್ದನ್ನು ನಿಮಗೂ ಹೇಳುತ್ತೇನೆ, ಇದರಲ್ಲಿ ಗುಟ್ಟೇನಿಲ್ಲ. ಶಿಕ್ಕಾ ಬಿಟ್ಟು ಕಾಗದದ ಮೇಲೆ ಬೇರೇನೂ ಇರಬಾರದು. ಇದು ಇಂಥವರ ಓಟು ಎಂದು ಗೊತ್ತಾಗುವ ಗುರುತು ಇದ್ದರೆ ಅದು ರದ್ದು. ನಮ್ಮ ಕೇರಿಯಲ್ಲಿ ಇದನ್ನು ತೋರಿಸಿದಿರಾ? ಪತ್ರದಲ್ಲಿ ಊರೂರಲ್ಲಿ ತೋರಿಸುತ್ತೇನೆ ಎಂದು ಬರೆದಿದ್ದೀರಿ, ನಮ್ಮೂರಿನ ಮಾತು ಕಾಣಲಿಲ್ಲ.

ನಾನು ಸರ್ಕಾರದ ಉಪ್ಪು ತಿನ್ನುವವಳು. ನಿಮಗೆ ಓಟು ಹಾಕಿ ಎಂದು ಯಾರಿಗೂ ಹೇಳಲಾರೆ. ನೀವು ನಿಂತದ್ದಕ್ಕೆ ಸಿಟ್ಟು ಇನ್ನೂ ಇದೆ. ಆದರೂ ಪೇಪರಿನಲ್ಲಿ ಅಭ್ಯರ್ಥಿಗಳ ಪಟ್ಟಿಯಲ್ಲಿ ನಿಮ್ಮ ಹೆಸರು ಕಂಡಾಗ ಎರಡೆರಡು ಸಲ ಓದಿದೆ. ಅದನ್ನು ಕತ್ತರಿಸಿ ಇಟ್ಟುಕೊಂಡಿದ್ದೇನೆ.

ಸಾವಕ್ಕ


ಮುಳ್ಳಕೊಪ್ಪ
೨೦ ಫೆಬ್ರವರಿ ೧೯೬೨

ಚಿ. ಸಾವಕ್ಕ,

ನಾಳೆ ಮತದಾನ. ಪ್ರಚಾರ ನಿಂತಿದೆ, ಕಾಲು ನಿಲ್ಲುತ್ತಿಲ್ಲ. ಬೆಳಗಿನಿಂದ ಅಂಗಳದಲ್ಲಿ ನೂರು ಸಲ ತಿರುಗಿದೆ. ಸಿಟ್ಟಿನಲ್ಲಿ ಅಡ್ಡಾಡುವ ಚಾಳಿ ನಿನಗೆ ಎಲ್ಲಿಂದ ಬಂತೆಂದು ತಿಳಿಯಿತು.

ನಿಯಮಗಳ ಪುಸ್ತಕ ನನಗೆ ಬಾಯಿಪಾಠ, ನೀನು ಚಿಂತಿಸಬೇಡ. ನಮ್ಮ ಕೇರಿಗೆ ತೋರಿಸುವ ಅಗತ್ಯ ಕಾಣಲಿಲ್ಲ. ಅವರು ನನ್ನ ಕೈಯಲ್ಲಿ ಕಲಿತವರು. ಅಕ್ಷರ ಬರದ ಊರುಗಳಿಗೆ ಆಲೂಗಡ್ಡೆ ಬೇಕು, ಅಕ್ಷರ ಬಲ್ಲವರಿಗೆ ಯಾಕೆ? ಇದ್ದ ವೇಳೆಯನ್ನೆಲ್ಲ ಹೊರಗಿನ ಹಳ್ಳಿಗೆ ಕೊಟ್ಟೆ.

ಇಂದು ನಾನೂ ನಾಚಿಕೆ ಬಿಟ್ಟು ಗೋಡೆಯೊಡನೆ ಮಾತಾಡಿದೆ. "ಗ್ವಾಡೀ, ನಾಳೆ ಈ ಮನಿ ಓಟು ಯಾರಿಗೆ ಬೀಳತೈತಿ?" ಎಂದು ಕೇಳಿದೆ. ನಿನ್ನ ಅವ್ವ ಜೋಳ ಹಸನು ಮಾಡುತ್ತಿದ್ದಳು. ಮೊರದ ಸಪ್ಪಳ ಒಂದು ಗಳಿಗೆ ನಿಂತಿತು, ಮತ್ತೆ ಶುರುವಾಯಿತು.

ಅಪ್ಪ


ಮುಳ್ಳಕೊಪ್ಪ
೩ ಮಾರ್ಚ್ ೧೯೬೨

ಚಿ. ಸಾವಕ್ಕ,

ಪೇಪರಿನಲ್ಲಿ ಓದಿರುತ್ತೀ. ಗುಡ್ಡಪ್ಪಗೌಡರು ೯,೪೧೨. ನಾನು ೯,೨೮೧. ನೂರಾ ಮೂವತ್ತೊಂದು ಓಟಿನಿಂದ ಸೋತೆ. ಪೇಪರಿನಲ್ಲಿ ಬರದದ್ದನ್ನು ಬರೆಯಲು ಇಷ್ಟು ದಿನ ಬೇಕಾಯಿತು.

ಎಣಿಕೆ ಧಾರವಾಡದಲ್ಲಿ. ದೊಡ್ಡ ಮೇಜು, ಒಂದು ಕಡೆ ಗೌಡರು ಮತ್ತು ಅವರ ವಕೀಲರು, ಒಂದು ಕಡೆ ನಾನು ಮತ್ತು ಅಲ್ಲಾವುದ್ದೀನ. ಮಧ್ಯಾಹ್ನದವರೆಗೆ ನಾನೇ ಮುಂದೆ ಇದ್ದೆ. ಆಗ ಯಾವುದೋ ಊರಿನ ಪೆಟ್ಟಿಗೆಯಿಂದ ಒಂದು ಕಾಗದ ಬಂತು. ಗೌಡರ ಗುರುತಿನ ಎದುರು ಶಿಕ್ಕಾ ಇತ್ತು, ಪಕ್ಕದಲ್ಲಿ ಒಬ್ಬ ದೊಡ್ಡ ರೈತನ ಸಹಿಯೂ ಇತ್ತು. ವಕೀಲರು, "ಯಾರಿಗೆ ಹಾಕ್ಯಾನ ಸ್ಪಷ್ಟ ಐತಲ್ರಿ ಸಾಹೇಬ್ರ, ಎಣಿಸ್ರಿ" ಎಂದರು. ಅಧಿಕಾರಿಯೂ ಎಣಿಸಲು ಹೊರಟಿದ್ದರು.

ನಾನು ಎದ್ದು ನಿಂತೆ. ನೀನು ನನ್ನನ್ನು ಬಲ್ಲೆ. ಯಾರಾದರೂ ತಪ್ಪು ಲೆಕ್ಕ ಮಾಡಿದರೆ ನನ್ನ ಕೈ ತಾನೇ ಸುಣ್ಣದ ಕಡ್ಡಿ ಹುಡುಕುತ್ತದೆ. ನಿಯಮವನ್ನು ಒಂದಕ್ಷರ ಬಿಡದೆ ಹೇಳಿದೆ. ಮತದಾರ ಯಾರೆಂದು ಗೊತ್ತಾಗುವ ಬರಹ ಇದ್ದರೆ ತಿರಸ್ಕರಿಸಲೇಬೇಕು, ಇಂದು ಒಂದು ಬಿಟ್ಟರೆ ನಾಳೆ ನೂರು ಬಿಡಬೇಕಾಗುತ್ತದೆ ಎಂದೆ. ಅಧಿಕಾರಿ ಪುಸ್ತಕ ತೆಗೆದು ನೋಡಿ, "ಮಾಸ್ತರರು ಹೇಳಿದ್ದು ಸರಿ" ಎಂದು ಅದನ್ನು ತೆಗೆದಿಟ್ಟರು. ನಾನು ಮೀಸೆ ತಿರುವಿಕೊಂಡು ಕೂತೆ.

ಕೊನೆಗೆ ನಮ್ಮ ಮುಳ್ಳಕೊಪ್ಪದ ಪೆಟ್ಟಿಗೆ ಒಡೆದರು. ಮೊದಲ ಕಾಗದ ಬಿಚ್ಚಿದರು. ಸೈಕಲ್ಲಿನ ಎದುರು ಶಿಕ್ಕಾ ಇರಲಿಲ್ಲ. ಪೆನ್ಸಿಲಿನಲ್ಲಿ ಬರೆದಿತ್ತು: ಅರ್ಜುನಪ್ಪ. ಎರಡನೆಯದು ಅಕ್ಕವ್ವನದು. ಮೂರನೆಯದರಲ್ಲೂ ಸಹಿ. ಸಾವಕ್ಕ, ನಮ್ಮ ಕೇರಿ ಮಸಿ ಮುಟ್ಟಿರಲಿಲ್ಲ. ಹದಿನಾಲ್ಕು ವರ್ಷ ಹೇಳಿಕೊಟ್ಟಿದ್ದೆನಲ್ಲ, ಮಸಿ ಮುಟ್ಟಬೇಡಿ ಸಹಿ ಮಾಡಿ ಎಂದು. ಶಿಕ್ಕಾ, ಮಸಿಯ ಡಬ್ಬಿ ಎರಡನ್ನೂ ಪಕ್ಕಕ್ಕೆ ಸರಿಸಿ, ಚಂಚಿಯ ಪೆನ್ಸಿಲ್ ತೆಗೆದು, ನನಗಾಗಿ ಅಚ್ಚುಕಟ್ಟಾಗಿ ಸಹಿ ಮಾಡಿದ್ದರು. ಒಂದೂ ಗೆರೆ ದಾಟಿರಲಿಲ್ಲ.

ನೂರಾ ಎಂಬತ್ತೇಳು ಕಾಗದ. ವಕೀಲರು ಒಂದೊಂದನ್ನೂ ಎತ್ತಿ ಹೆಸರು ಓದಿದರು. ಪಕ್ಕದಲ್ಲಿ ಅವರ ಮನುಷ್ಯನೊಬ್ಬ ಬರೆದುಕೊಳ್ಳುತ್ತಿದ್ದ. ಯಾಕೆಂದು ನನಗೂ ಗೊತ್ತಿತ್ತು, ಸುಗ್ಗಿ ಮುಂದಿದೆ. ಪ್ರತಿಯೊಂದಕ್ಕೂ ಅಧಿಕಾರಿ ನನ್ನ ಕಡೆ ನೋಡಿ, "ಏನರೆ ಹೇಳೂದೈತೇನ್ರಿ?" ಎಂದು ಕೇಳುತ್ತಿದ್ದರು. ಪಾಪ, ಅವರಿಗೂ ಮನಸ್ಸಿರಲಿಲ್ಲ. ನಾನು ಏನು ಹೇಳಲಿ? ನಿಯಮ ಓದಿದ ಬಾಯಿ ನನ್ನದೇ.

ಮಧ್ಯದಲ್ಲಿ ಒಂದು ಕಾಗದ ಎತ್ತಿ ವಕೀಲರು ಓದಿದರು, ಓದಿ ನಕ್ಕರು: "ಶೇವಂತೆವ್ವ ಕೋಂ ನೀಲಪ್ಪ. ಮಾಸ್ತರ, ನಿಮ್ಮ ಮನಿಯವರದೇನ್ರಿ ಇದು?"

ಅಕ್ಷರ ಸೊಟ್ಟಗಿದ್ದವು. ಪೆನ್ಸಿಲ್ ಒತ್ತಿ ಒತ್ತಿ ಕಾಗದ ಹರಿಯುವಂತಾಗಿತ್ತು. ಯಾವಾಗ ಕಲಿತಳೋ, ಯಾರು ಕಲಿಸಿದರೋ. ಮದುವೆಯಲ್ಲಿ ಹೆಂಗಸರೆಲ್ಲ ಸುತ್ತುಗಟ್ಟಿ ಗಂಡನ ಹೆಸರು ಹೇಳು ಎಂದು ಕಾಡಿದರೂ ಬಾಯಿ ಬಿಡದವಳು ಅವಳು. ಮೂವತ್ತು ವರ್ಷದಲ್ಲಿ ಒಂದು ಸಲವೂ ನನ್ನ ಹೆಸರು ಅವಳ ಬಾಯಲ್ಲಿ ಬಂದಿಲ್ಲ. ಅದನ್ನು ಆ ಕಾಗದದ ಮೇಲೆ ಬರೆದಿದ್ದಳು.

"ಏನರೆ ಹೇಳೂದೈತೇನ್ರಿ?" ಎಂದರು ಅಧಿಕಾರಿ. ಇಲ್ಲ ಎಂದೆ. ಅದರ ಮೇಲೂ ತಿರಸ್ಕೃತ ಎಂದು ಬರೆದು ಕಟ್ಟಿನಲ್ಲಿ ಸೇರಿಸಿದರು.

ಮನೆಗೆ ಬಂದಾಗ ನಿನ್ನ ಅವ್ವ ಬಾಗಿಲಲ್ಲಿ ನಿಂತಿದ್ದಳು. ಸೋತ ಸುದ್ದಿ ಆಗಲೇ ಮುಟ್ಟಿತ್ತು. ನಾಲ್ಕು ತಿಂಗಳ ಮೇಲೆ, ಗೋಡೆಯನ್ನು ಬಿಟ್ಟು, ನನ್ನ ಮುಖ ನೋಡಿ ಕೇಳಿದಳು: "ನನ್ನ ಓಟು ಎಣಿಸಿದ್ರೇನ್ರಿ?"

ನಾನು, "ಎಣಿಸಿದ್ರು. ಎಲ್ಲಾರ್ಕಿಂತ ಮೊದಲ ನಿಂದನ್ನ ಎಣಿಸಿದ್ರು" ಎಂದೆ.

ಮರುದಿನ ಬೆಳಗ್ಗೆ ಅಕ್ಕವ್ವ ಬಂದು ಅದನ್ನೇ ಕೇಳಿದಳು. ನಿಂದೂ ಎಣಿಸಿದರು ಎಂದೆ. ಅವಳ ಹಿಂದೆ ಇಡೀ ಕೇರಿ ಸಾಲಾಗಿ ಬಂತು. ಎಲ್ಲರಿಗೂ ಎಣಿಸಿದರು ಎಂದೆ. ಗೌಡರು ಆ ಹೆಸರುಗಳನ್ನು ಬರೆದುಕೊಂಡದ್ದನ್ನೂ ಹೇಳಲಿಲ್ಲ. ಸುಳ್ಳು ಹೇಳಿದ ಹುಡುಗರಿಗೆ ಇಪ್ಪತ್ಮೂರು ವರ್ಷ ಹೊಡೆದ ಮಾಸ್ತರ ನಾನು. ನೀನು ಯಾರೆದುರೂ ಬಾಯಿ ಬಿಡಬೇಡ. ನಿನ್ನ ಅವ್ವನೆದುರು ಅಂತೂ ಬೇಡವೇ ಬೇಡ.

ಅಪ್ಪ


ಹುಬ್ಬಳ್ಳಿ
೯ ಮಾರ್ಚ್ ೧೯೬೨

ಅಪ್ಪಾ,

ಪತ್ರ ಓದಿ ಅತ್ತೆ. ಶಾಲೆಯಲ್ಲೇ ಬಿಚ್ಚಿದೆ, ತಪ್ಪಾಯಿತು, ಹುಡುಗಿಯರೆಲ್ಲ ನೋಡಿದರು.

ನಾನು ಯಾರಿಗೂ ಹೇಳುವುದಿಲ್ಲ. ಅವ್ವನ ಓಟು ರದ್ದಾಯಿತು, ಎಣಿಸಲಿಲ್ಲ ಎಂಬುದು ಅವಳಿಗೆ ಗೊತ್ತಾಗುವುದು ಬೇಡ. ಅಷ್ಟು ಕಷ್ಟಪಟ್ಟು ಕಲಿತು ನಿಮ್ಮ ಹೆಸರು ಬರೆದಿದ್ದಾಳೆ. ಅದು ಕಸಕ್ಕೆ ಹೋಯಿತೆಂದು ಯಾವ ಬಾಯಿಂದ ಹೇಳುವುದು? ನೀವು ಸುಳ್ಳು ಹೇಳಿದ್ದೇ ಛಲೋ ಆಯಿತು. ಅವಳನ್ನು ಕೇಳದೆ ನೌಕರಿ ಬಿಟ್ಟ ಸಿಟ್ಟನ್ನು ನಾನು ನಿಮ್ಮ ಮೇಲೆ ನಾಲ್ಕು ತಿಂಗಳು ಇಟ್ಟುಕೊಂಡಿದ್ದೆ. ಅವಳೇ ಬಿಟ್ಟ ಮೇಲೆ ನನ್ನದೇನು.

ಇಲ್ಲಿ ಒಂದು ಖಾಸಗಿ ಶಾಲೆಯಲ್ಲಿ ಮಾಸ್ತರರು ಬೇಕಾಗಿದ್ದಾರಂತೆ. ಇಬ್ಬರೂ ಇಲ್ಲಿಗೇ ಬನ್ನಿ. ಬರುವುದಿಲ್ಲ ಎಂದು ಗೊತ್ತು, ಆದರೂ ಬರೆಯುತ್ತಿದ್ದೇನೆ. ಈ ಪತ್ರವನ್ನು ತಂತಿಗೆ ಚುಚ್ಚಬೇಡಿ, ಒಲೆಗೆ ಹಾಕಿ.

ನಿಮ್ಮ,
ಸಾವಕ್ಕ


ಮುಳ್ಳಕೊಪ್ಪ
೨೦ ಮಾರ್ಚ್ ೧೯೬೨

ಸಾವಕ್ಕಾ,

ನಾ ನಿನ್ನ ಅವ್ವ ಬರಿಯಾಕತ್ತೇನಿ. ಹೆದರಬ್ಯಾಡ, ಎಲ್ಲಾರೂ ಆರಾಮ ಅದೇವಿ. ಮೂರು ದಿನದಿಂದ ಬರಿಯಾಕತ್ತೇನಿ, ಕೈ ಬ್ಯಾನಿ ಆಗೇತಿ.

ನೀ ನಿಮ್ಮಪ್ಪಗ ಬರದ ಪತ್ರ ಟಪಾಲಿನಾಂವ ನನ್ನ ಕೈಯಾಗ ಕೊಟ್ಟ. ಅವರು ಗರಗಕ್ಕ ಹೋಗಿದ್ರು. ಹೊಚ್ಚಲದ ಮ್ಯಾಲೆ ಕುಂತು ಓದಾಕತ್ತಿದೆ, ಮಧ್ಯಾಹ್ನ ಆತು. ನನ್ನ ಓಟು ಎಣಿಸಿಲ್ಲ ಅಂತ ಬರದೀ. ಮತ್ತೊಮ್ಮೆ ಓದಿದೆ. ಹಂಗ ಇತ್ತು.

ನೀವು ತಂದಿ ಮಗಳು ಇಬ್ಬರೂ ಓದಿದಾವ್ರು, ಆದ್ರ ಸಹಿ ಮಾಡಾಕ ಬರೂವಾಕಿಗೆ ಓದಾಕೂ ಬರತೈತಿ ಅನ್ನೂದು ನಿಮಗ ಹೊಳೀಲಿಲ್ಲ. ನಾ ಸಹಿ ಮಾಡಾಕ ಕಲತಾಕಿ ಅಲ್ಲ. ನಿನ್ನ ಪತ್ರ ಓದಾಕ ಕಲತಾಕಿ. ನೀ ನವೆಂಬರದಾಗ ಎರಡು ಪುಟ ಬರದಿದ್ದಿ. ನಿಮ್ಮಪ್ಪ ಅದನ್ನ, ಸಾವಕ್ಕ ಆರಾಮ ಅದಾಳಂತ, ಅವ್ವಗ ನಮಸ್ಕಾರ ಅಂತ, ಅಂದು ಮುಗಿಸಿದ್ರು. ಎರಡು ಪುಟದಾಗ ಅಷ್ಟ ಇರತೈತೇನು? ಅವತ್ತ ತಂತಿಗೆ ಚುಚ್ಚಿ ಇಟ್ಟೆ. ಮರುದಿನ ಅಕ್ಕವ್ವಗ ಕಲಸು ಅಂದೆ. ಹಿತ್ತಲದಾಗ ರಾಟಿ ಮುಂದ ಇಟಗೊಂಡು ಕಲತೆ. ಮಾಘಮಾಸದಾಗ ಆ ಪತ್ರ ಪೂರ್ತಿ ಓದಿದೆ. ನೀ ನನ್ನ ಕಡೆಯಾಕಿ ಅಂತ ಬರದಿದ್ದಿ. ಅವತ್ತ ಭಾಳ ಅತ್ತೆ. ಆ ಮ್ಯಾಲ ಸಿಟ್ಟು ಕಡಿಮಿ ಆತು. ನಿಮ್ಮಪ್ಪಗ ನಾ ಯಾಕ ಓಟು ಹಾಕಬಾರದು ಅಂತ ನನಗ ನಾನ ಕೇಳಿಕೊಂಡೆ. ಹನ್ನೆರಡು ಮನಿ ಹೊಲದಾಗ ನಮ್ಮಪ್ಪನ ಹೊಲಾನೂ ಇತ್ತು.

ಗೌಡರು ಈ ಸುಗ್ಗಿಗೆ ನಮ್ಮ ಕೇರಿಯವರನ್ನ ಕರದಿಲ್ಲ. ಎಲ್ಲಾರ ಹೆಸರೂ ಅವರಿಗೆ ಹೆಂಗ ಗೊತ್ತಾದುವು ಅಂತ ಮಂದಿ ಅನ್ನಾಕತ್ತಿದ್ರು. ನಾ ನಿನ್ನ ಪತ್ರ ಓದಿದ ಮ್ಯಾಲ ಅಲ್ಲಾವುದ್ದೀನನ್ನ ಹಿಡದು ಕೇಳಿದೆ. ಅಂವ ಎಲ್ಲಾ ಹೇಳಿದ. ಈಗ ಅಂವ ಕೇರಿಯವರಿಗೆ ರಾಯಾಪುರದ ಕಡೆ ಕೆಲಸಾ ನೋಡ್ಯಾನ. ಹೊತ್ತು ಹುಟ್ಟೂದಕ್ಕ ಟಾಂಗಾ ಹೊಡಕೊಂಡು ಎಂಟೆಂಟು ಮಂದಿನ ಒಯ್ತಾನ. ನಡದೂ ಹೋಗತಾರ. ಉಪವಾಸ ಇಲ್ಲ. ನಿಮ್ಮಪ್ಪ ಅವನ ಟಾಂಗಾದ ಚಪ್ಪರದಾಗ ಸಂಜೀ ಸಾಲಿ ಮತ್ತ ಚಾಲೂ ಮಾಡ್ಯಾರ. ಹುಬ್ಬಳ್ಳಿಗೆ ಬರೂದಿಲ್ಲ.

ನಾ ಮದಲ ಸುಮ್ಮನ ಇರೂಣು ಅಂದಿದ್ದೆ. ಸುಮ್ಮನ ಇರಾಕ ಆಗಲಿಲ್ಲ. ಐದು ವರ್ಷಕ್ಕ ಮತ್ತ ಓಟು ಬರತಾವು. ಎಣಿಸ್ಯಾರ ಅಂತ ತಿಳಕೊಂಡು ಎಲ್ಲಾರೂ ಮತ್ತ ಸಹಿ ಮಾಡಿ ಬಂದ್ರ? ನಿಮ್ಮಪ್ಪ ಹೇಳಲಾರ್ರು. ಅವರು ಇಡೀ ಕೇರಿಗೆ ಒಂದೊಂದ ಸುಳ್ಳು ಹೇಳಿ ಕುಂತಾರ. ಅದಕ್ಕ ನಾನ ಹೆಂಗಸರನ್ನ ಕೂಡಿಸಿ ಹೇಳಿದೆ. ಅಕ್ಕವ್ವ ಜಗಳಾ ಮಾಡಿದಳು. ಸಹಿ ಮಾಡಿದ್ದು ತಪ್ಪು ಅಂದ್ರ ಕಲತದ್ದು ಯಾಕ ಅಂದಳು. ಹೊಲದ ಕಾಗದಕ್ಕ ಸಹಿ, ಓಟಿನ ಕಾಗದಕ್ಕ ಶಿಕ್ಕಾ, ಎರಡೂ ಕಲೀಬೇಕು ಅಂದೆ. ಆ ಮಸೀನ ಬ್ಯಾರೆ, ಈ ಮಸೀನ ಬ್ಯಾರೆ ಅಂತ ತಿಳಿಸಿ ಹೇಳೂದರಾಗ ಸಾಕಾತು. ಆಮ್ಯಾಲ ಗಂಡಸರಿಗೂ ಗೊತ್ತಾತು. ಒಂದಿಬ್ಬರು ಮಾಸ್ತರಗ ಬೈದ್ರು. ಬೈಲಿ, ಅವರದೂ ತಪ್ಪು ಐತಿ. ನಮಗ ತೋರಿಸಿ ಹೋಗಬೇಕಿತ್ತು.

ಆದ್ರ ಎಲ್ಲಾರಿಗೂ ಒಂದು ಮಾತು ಹೇಳೇನಿ. ನಮಗ ಗೊತ್ತೈತಿ ಅನ್ನೂದು ಅವರಿಗೆ ಗೊತ್ತಾಗಬಾರದು. ಅವರು ಧಾರವಾಡದಿಂದ ಬಂದ ದಿನ ಅವರ ಮಾರಿ ನೋಡಿದಾಕಿ ನಾ. ಅವರು ಈಗ ಎರಡು ರೊಟ್ಟಿ ಉಣ್ಣಾಕತ್ತಾರ. ನನ್ನ ಕೂಡ ಮಾತಾಡ್ತಾರ, ಸಂತಿಗೆ ಹೋಗೂದಿದ್ರೂ ಕೇಳ್ತಾರ. ನಿನ್ನಿ ಅಂತೂ ತಮ್ಮಷ್ಟಕ್ಕ ತಾವ, ಎಲ್ಲಾರ್ಕಿಂತ ಮೊದಲ ನಿಂದನ್ನ ಎಣಿಸಿದ್ರು ನೋಡು ಅಂತ ಮತ್ತ ಹೇಳಿದ್ರು. ನಾ ಹೌದೇನ್ರಿ ಅಂದೆ.

ನಿನ್ನ ಪತ್ರ ಒಲಿಗೆ ಹಾಕೇನಿ. ಅವರಿಗೆ, ಸಾವಕ್ಕ ಆರಾಮ ಅದಾಳಂತ, ನಿಮಗ ನಮಸ್ಕಾರ ಹೇಳ್ಯಾಳ ಅಂದೇನಿ.

ಇನ್ನ ಮುಂದ ಪತ್ರ ನನ್ನ ಹೆಸರಿಗೆ ಬರಿ. ಬೇಕಾದಷ್ಟು ನಾ ಅವರಿಗೆ ಓದಿ ಹೇಳತೇನಿ.

ನಿನ್ನ ಅವ್ವ